ಟ್ರೋಪ್ ಅಂದರೆ ಬೈಗುಳವೇ? ಸಿನಿಮಾ, ಮಾತು ಮತ್ತು ಗಲ್ಲಾದ ಮೇಲೆ ಕೂತ ‘ಶೆಟ್ಟಿ ಅಣ್ಣ’

ಮುಲುಂಡ್ ಮಾಸ್ತರ್

ಇತ್ತೀಚೆಗೆ ಯಾವ ಸಿನಿಮಾ ವಿಮರ್ಶೆ ಓದಿದರೂ ‘ಟ್ರೋಪ್’ ಅನ್ನುವ ಪದ ಎದುರಾಗುತ್ತದೆ. ಹಳೇ ಟ್ರೋಪ್, ಸವೆದ ಟ್ರೋಪ್, ಟ್ರೋಪ್ ತುಂಬಿದ ಕಥೆ. ಬೈಯುವುದಕ್ಕೇ ಇಟ್ಟುಕೊಂಡ ಪದದ ಹಾಗಾಗಿದೆ. ನನಗೆ ಇದು ಸರಿ ಕಾಣುತ್ತಿಲ್ಲ, ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಕಥೆ ಹೇಳುವವರು ಮತ್ತೆ ಮತ್ತೆ ಬಳಸಿ, ನೋಡುವವರಿಗೂ ರೂಢಿಯಾಗಿ ಹೋದ ಪಾತ್ರ, ಸನ್ನಿವೇಶ, ತಿರುವು, ಇವಕ್ಕೆಲ್ಲ ಟ್ರೋಪ್ ಅನ್ನುತ್ತಾರೆ. ಜಾತ್ರೆಯಲ್ಲಿ ತಪ್ಪಿಹೋದ ಅಣ್ಣ ತಮ್ಮ. ಹೊಲಿಗೆ ಮಿಷನ್ ತುಳಿದು ಮಗನನ್ನು ಓದಿಸುವ ತಾಯಿ. ನಾಳೆ ನಿವೃತ್ತಿ ಅನ್ನುವಾಗ ಇವತ್ತು ಗುಂಡೇಟು ತಿನ್ನುವ ಪೊಲೀಸ್. ನಾಯಕಿ ಕೂತ ಕೂಡಲೇ ಕೆಟ್ಟು ನಿಲ್ಲುವ ಕಾರು. ಇವು ಯಾಕೆ ಬದುಕಿ ಉಳಿದಿವೆ? ನನ್ನ ಉತ್ತರ ಸರಳ. ಇವು ಸಮಯ ಉಳಿಸುತ್ತವೆ. ಹೊಲಿಗೆ ಮಿಷನ್ ತೋರಿಸಿದರೆ ಸಾಕು, ಗಂಡ ಇಲ್ಲ, ದುಡ್ಡಿಲ್ಲ, ಸ್ವಾಭಿಮಾನ ಇದೆ ಅಂತ ಎರಡು ಸೆಕೆಂಡಿನಲ್ಲಿ ನಮಗೆ ಗೊತ್ತಾಗಿಬಿಡುತ್ತದೆ.

ನಮ್ಮ ದೇಶದ ಸಿನಿಮಾ ಹುಟ್ಟಿದ್ದೇ ಹೀಗೆ. 1913ರ ಮೇ 3ರಂದು ಮುಂಬೈಯ ಗಿರಗಾಂವ್‌ನ ಕಾರೊನೇಶನ್ ಥಿಯೇಟರಿನಲ್ಲಿ ದಾದಾಸಾಹೇಬ್ ಫಾಲ್ಕೆ ಹರಿಶ್ಚಂದ್ರನ ಕಥೆ ತೋರಿಸಿದರು. ಮಾತಿಲ್ಲ. ಮಧ್ಯೆ ಮಧ್ಯೆ ಅಕ್ಷರದ ಫಲಕ ಬರುತ್ತಿತ್ತು ನಿಜ, ಆದರೆ ಓದಲು ಬಾರದವರಿಗೂ ಕಥೆ ಅರ್ಥವಾಗಲು ಏನೂ ಅಡ್ಡಿ ಇರಲಿಲ್ಲ. ವಿಶ್ವಾಮಿತ್ರ ಬಂದ ಅಂದರೆ ಮುಂದೆ ಏನು ಕಾದಿದೆ ಅಂತ ಎಲ್ಲರಿಗೂ ಗೊತ್ತು. ಕನ್ನಡದ ಮೊದಲ ಮಾತಿನ ಚಿತ್ರವೂ ಪುರಾಣದ್ದೇ. 1934ರ ಸತಿ ಸುಲೋಚನಾ, ಚಿತ್ರೀಕರಣ ಆಗಿದ್ದು ಇಲ್ಲೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಇಂದ್ರಜಿತುವಿನ ಹೆಂಡತಿಯ ಗತಿ ಏನಾಗುತ್ತದೆ ಅನ್ನುವ ಕುತೂಹಲಕ್ಕೆ ಯಾರೂ ಟಿಕೆಟ್ ಕೊಂಡಿರಲಿಕ್ಕಿಲ್ಲ. ಗೊತ್ತಿರುವ ಕಥೆ ನಮ್ಮ ಭಾಷೆಯಲ್ಲಿ ಮಾತಾಡುತ್ತದೆ, ಹಾಡುತ್ತದೆ ಅನ್ನುವುದೇ ಆಗ ದೊಡ್ಡ ಸಂಗತಿ.

ಹಾಗಾಗಿ ನಾನು ಕೇಳುವ ಪ್ರಶ್ನೆ ಒಂದೇ. ಟ್ರೋಪ್ ಬಳಸಿ ಉಳಿಸಿದ ಸಮಯವನ್ನು ನಿರ್ದೇಶಕ ಏನು ಮಾಡಿದ? ಅದನ್ನು ಪಾತ್ರದ ಒಳಗೆ ಹೋಗಲು ಬಳಸಿದನೋ, ಇಲ್ಲಾ ಇನ್ನೊಂದು ಫೈಟು, ಇನ್ನೊಂದು ಹಾಡು ತುರುಕಿದನೋ? ನೀವೆಲ್ಲ ಏನಂತೀರಿ?

ಘಾಟ್‌ಕೋಪರ್ ಪೂರ್ವ

ಸರ್, ನಿಮ್ಮ ಮಾತು ಕೇಳಲು ಚೆನ್ನಾಗಿದೆ, ಒಪ್ಪುವುದು ಕಷ್ಟ. ನಮ್ಮ ವಯಸ್ಸಿನವರು ವಾರಕ್ಕೆ ನಾಲ್ಕಾರು ಭಾಷೆಯ ಸಿನಿಮಾ ಮೊಬೈಲ್‌ನಲ್ಲೇ ನೋಡುತ್ತೇವೆ. ಮೊದಲ ಹತ್ತು ನಿಮಿಷಕ್ಕೇ ಇಡೀ ಕಥೆ ಗೊತ್ತಾಗಿಬಿಟ್ಟರೆ ಉಳಿದ ಎರಡು ಗಂಟೆ ಯಾಕೆ ಕೂರಬೇಕು? ಪುರಾಣದ ಮಾತು ಬೇರೆ. ಅದು ಎಲ್ಲರ ಆಸ್ತಿ. ಜಾತ್ರೆಯಲ್ಲಿ ತಪ್ಪಿಹೋದ ಅಣ್ಣ ತಮ್ಮಂದಿರು ಯಾರ ಪುರಾಣ? ಬರೆಯುವವರಿಗೆ ಯೋಚನೆ ಮಾಡಲು ಸೋಮಾರಿತನ, ಅಷ್ಟೇ ಅಲ್ವಾ?

ಕಿಂಗ್ಸ್ ಸರ್ಕಲ್

ತಮ್ಮಾ, ಅದು ಈ ಊರಿನ ಪುರಾಣ. ಸ್ವಲ್ಪ ತಾಳ್ಮೆಯಿಂದ ಓದು.

1943ರ ಹಿಂದಿ ಚಿತ್ರ ಕಿಸ್ಮತ್ ಬಾಂಬೆ ಟಾಕೀಸ್‌ನವರದ್ದು. ಅಶೋಕ್ ಕುಮಾರ್ ಜೇಬುಗಳ್ಳ. ಚಿಕ್ಕಂದಿನಲ್ಲಿ ಮನೆ ಬಿಟ್ಟು ಹೋದ ಮಗ ಇವನೇ ಅಂತ ಕೊನೆಗೆ ತಿಳಿಯುತ್ತದೆ. ಕಲ್ಕತ್ತಾದ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು. ದೇಶ ವಿಭಜನೆ ಆದಮೇಲೆ, ಕುಟುಂಬಗಳು ಚೂರಾದ ನೋವಿನಿಂದ ಈ ಕಥೆ ಹುಟ್ಟಿತು ಅಂತ ಕೆಲವರು ಹೇಳುತ್ತಾರೆ. ಕಿಸ್ಮತ್ ಬಂದದ್ದು ಅದಕ್ಕಿಂತ ನಾಲ್ಕು ವರ್ಷ ಮೊದಲು. ನನಗೆ ಅನ್ನಿಸುವುದು ಇಷ್ಟು. ಮುಂಬೈ ಅಂದರೇನೇ ಮನೆಯವರಿಂದ ದೂರವಾದವರ ಊರು. ಗಿರಣಿ ಕೆಲಸಕ್ಕೆ ಕೊಂಕಣದಿಂದ ಬಂದವರು, ಹೋಟೆಲ್ ಕೆಲಸಕ್ಕೆ ಕುಂದಾಪುರ, ಉಡುಪಿ, ಕಾರ್ಕಳದಿಂದ ಬಂದ ಹುಡುಗರು. ಊರಲ್ಲಿ ಅಮ್ಮ, ಇಲ್ಲಿ ಮಗ. ನಡುವೆ ತಿಂಗಳಿಗೊಂದು ಮನಿಯಾರ್ಡರ್. ಕಾಗದ ನಿಂತುಹೋದ ಮಕ್ಕಳೂ ಇದ್ದರು. ಅಂಥವರಿಗೆ ಕೊನೆಯ ರೀಲಿನಲ್ಲಿ ತಾಯಿ ಮಗ ಸೇರುವುದು ಸವಕಲು ಅನ್ನಿಸುತ್ತಿರಲಿಲ್ಲ. ಅದಕ್ಕೋಸ್ಕರವೇ ಟಿಕೆಟ್ ಕೊಳ್ಳುತ್ತಿದ್ದರು.

ಇನ್ನು 1977ರ ಅಮರ್ ಅಕ್ಬರ್ ಆಂಥೋನಿ. ಮನಮೋಹನ ದೇಸಾಯಿಯವರು ಈ ಟ್ರೋಪನ್ನು ಎಲ್ಲಿಗೆ ಒಯ್ದರು ನೋಡು. ಆಸ್ಪತ್ರೆಯಲ್ಲಿ ಮೂರು ಮಂಚ. ಮೂರೂ ಗಂಡುಮಕ್ಕಳ ಕೈಯಿಂದ ರಕ್ತ ಕೊಳವೆಯಲ್ಲಿ ಮೇಲಕ್ಕೆ ಹರಿದು ಒಂದೇ ಬಾಟಲಿಗೆ ಸೇರಿ, ಅಲ್ಲಿಂದ ತಾಯಿಗೆ ಇಳಿಯುತ್ತದೆ. ರಕ್ತ ಹಾಗೆ ಮೇಲಕ್ಕೆ ಹರಿಯುವುದಿಲ್ಲ, ಹಾಗೆ ಯಾರೂ ಕೊಡುವುದೂ ಇಲ್ಲ. ತಾಯಿಯ ಹೆಸರು ಭಾರತಿ. ಒಬ್ಬ ಹಿಂದೂ ಮನೆಯಲ್ಲಿ ಬೆಳೆದವನು, ಒಬ್ಬ ಮುಸ್ಲಿಂ ಮನೆಯಲ್ಲಿ, ಒಬ್ಬ ಕ್ರೈಸ್ತರ ಆಸರೆಯಲ್ಲಿ. ಯಾರೂ ಭಾಷಣ ಮಾಡಲಿಲ್ಲ. ಇಡೀ ದೇಶದ ಮಾತು ಒಂದು ಬಾಟಲಿಯಲ್ಲಿ ಬಂತು. ಅಣ್ಣ ತಮ್ಮಂದಿರು ತಪ್ಪಿಹೋದ ಕಥೆ ಜನಕ್ಕೆ ಬಾಯಿಪಾಠ ಆಗಿದ್ದರಿಂದಲೇ ಅವರು ಆ ದೃಶ್ಯವನ್ನು ಸಿನಿಮಾದ ಶುರುವಿನಲ್ಲೇ ಇಡಬಹುದಾಯಿತು.

ಮಾರನೆಯ ವರ್ಷ ನಮ್ಮಲ್ಲಿ ಶಂಕರ್ ಗುರು ಬಂತು. ಅಪ್ಪ, ಇಬ್ಬರು ಮಕ್ಕಳು, ಮೂರೂ ರಾಜಕುಮಾರ್. ಒಬ್ಬ ನಟ ಮೂರು ನಡಿಗೆ, ಮೂರು ದನಿ ತೋರಿಸಲು ಆ ಹಳೇ ಕಥೆಯೇ ಜಾಗ ಮಾಡಿಕೊಟ್ಟಿತು.

ಕೋಥರೂಡ್ ಕನ್ನಡಿಗ

ಪುಣೆಯಿಂದ ನಮಸ್ಕಾರ. ಮಾಸ್ತರರು ನನಗೆ ಮಾತಿನ ಟ್ರೋಪ್, ಅಂದರೆ ಪದವನ್ನು ನೇರ ಅರ್ಥ ಬಿಟ್ಟು ಬೇರೆ ಅರ್ಥಕ್ಕೆ ತಿರುಗಿಸಿ ಬಳಸುವುದರ ಬಗ್ಗೆ ಬರೆಯಲು ಫೋನ್‌ನಲ್ಲೇ ಹೇಳಿದ್ದರು.

ಪಾಶ್ಚಾತ್ಯರ ಅಲಂಕಾರ ಶಾಸ್ತ್ರದಲ್ಲಿ ನಾಲ್ಕು ಟ್ರೋಪ್ ಮುಖ್ಯ ಅಂತ ಹೇಳುತ್ತಾರೆ. ಒಂದನ್ನು ಇನ್ನೊಂದಾಗಿಯೇ ಕಾಣುವುದು, ಅದು ನಮ್ಮ ರೂಪಕ. ಪಕ್ಕದಲ್ಲಿರುವುದರ ಹೆಸರು ಹೇಳಿ ಇದನ್ನು ತಿಳಿಸುವುದು. ಭಾಗ ಹೇಳಿ ಇಡಿಯನ್ನು ತಿಳಿಸುವುದು. ಹೇಳಿದ್ದಕ್ಕೆ ಉಲ್ಟಾ ಅರ್ಥ ಬರುವುದು. ನಡುವಿನ ಎರಡನ್ನು ನಾವು ಲಕ್ಷಣೆ ಅಂತ ಓದಿದ್ದೇವೆ. ‘ಗಂಗೆಯ ಮೇಲೆ ಗೊಲ್ಲರ ಹಟ್ಟಿ’ ಅನ್ನುವುದು ಸಾವಿರ ವರ್ಷಕ್ಕೂ ಹಳೇ ಉದಾಹರಣೆ. ನೀರಿನ ಮೇಲೆ ಹಟ್ಟಿ ಇರಲು ಆಗುವುದಿಲ್ಲ, ದಡದ ಮೇಲೆ ಅಂತ ನಾವೇ ಅರ್ಥ ಮಾಡಿಕೊಳ್ಳುತ್ತೇವೆ. ಹಾಗಾದರೆ ದಡ ಅಂತಲೇ ಯಾಕೆ ಹೇಳಲಿಲ್ಲ? ಗಂಗೆ ಅಂದಾಗ ಬರುವ ತಂಪು, ಪಾವಿತ್ರ್ಯ ದಡ ಅಂದಾಗ ಬರುವುದಿಲ್ಲ. ನಮ್ಮ ಹಳೇ ಅಲಂಕಾರ ಶಾಸ್ತ್ರದವರು ಇಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ.

‘ದಿಲ್ಲಿ ಒಪ್ಪಲಿಲ್ಲ’ ಅಂದರೆ ಸರ್ಕಾರ. ‘ಮನೆಯಲ್ಲಿ ದುಡಿಯುವ ಕೈ ಒಂದೇ’ ಅಂದರೆ ಒಬ್ಬ ಮನುಷ್ಯ. ಸಿನಿಮಾ ಇದನ್ನೇ ಕ್ಯಾಮೆರಾದಿಂದ ಮಾಡುತ್ತದೆ. ಖಳನಾಯಕ ಬರುವಾಗ ಮೊದಲು ಬರೀ ಬೂಟು ತೋರಿಸುತ್ತಾರೆ. ಗೋಡೆಯ ಫೋಟೋಗೆ ಹಾರ ಹಾಕಿದ್ದರೆ ತೀರಿಕೊಂಡ ಅಂತ ಅರ್ಥ. ನಾಯಕ ನಾಯಕಿ ಮುತ್ತಿಡುವ ಬದಲು ಎರಡು ಹೂವು. ಇದರಲ್ಲಿ ಸೆನ್ಸಾರ್ ಭಯವೂ ಇತ್ತು. ರೂಪಕಕ್ಕೆ ರಷ್ಯಾದ ಐಸೆನ್‌ಸ್ಟೈನ್‌ರನ್ನು ನೋಡಬೇಕು. 1925ರ ಸ್ಟ್ರೈಕ್ ಚಿತ್ರದಲ್ಲಿ ಸೈನಿಕರು ಕಾರ್ಮಿಕರನ್ನು ಕೊಲ್ಲುವ ದೃಶ್ಯದ ನಡುವೆ ಕಸಾಯಿಖಾನೆಯಲ್ಲಿ ಎತ್ತು ಕಡಿಯುವುದನ್ನು ಸೇರಿಸಿದರು. ಎರಡೂ ಬೇರೆ ಬೇರೆ ಜಾಗ. ಕಥೆಗೆ ಎತ್ತಿನ ಸಂಬಂಧವೇ ಇಲ್ಲ. ನೋಡುವವನ ತಲೆಯಲ್ಲಿ ಎರಡೂ ಸೇರಿ ಒಂದಾಗುತ್ತವೆ.

ಇಲ್ಲಿ ಒಂದು ಮಾತು. ಕಥೆಯ ಟ್ರೋಪನ್ನು ನಮ್ಮ ಹಳಬರು ‘ಕವಿಸಮಯ’ ಅನ್ನುವ ಕಡೆ ಇಟ್ಟು ನೋಡಿದರೆ ಜಾಸ್ತಿ ಸ್ಪಷ್ಟವಾಗುತ್ತದೆ. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು ನೀರು ಬೇರೆ ಮಾಡುತ್ತದೆ, ಚಕ್ರವಾಕದ ಜೋಡಿ ರಾತ್ರಿ ಅಗಲುತ್ತದೆ, ಕೀರ್ತಿಯ ಬಣ್ಣ ಬಿಳಿ. ಇವು ನಿಜವಲ್ಲ ಅಂತ ಕವಿಗೂ ಗೊತ್ತು, ಕೇಳುವವನಿಗೂ ಗೊತ್ತು. ಸಂಸ್ಕೃತದ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಇವನ್ನು ಕವಿಗಳ ಒಪ್ಪಂದ ಅಂತ ಗೌರವದಿಂದಲೇ ವಿವರಿಸುತ್ತಾನೆ. ಘಾಟ್‌ಕೋಪರ್ ಗೆಳೆಯರು ಕೇಳಿದ ಪ್ರಶ್ನೆಗೆ ಒಂಬತ್ತನೇ ಶತಮಾನದ ಕಾವ್ಯಶಾಸ್ತ್ರಜ್ಞ ಆನಂದವರ್ಧನನ ಉತ್ತರವಿದೆ. ಮೊದಲೇ ಕಂಡ ವಸ್ತುವೂ ರಸ ಸೇರಿದಾಗ ಹೊಸದಾಗಿ ಹೊಳೆಯುತ್ತದೆ, ವಸಂತದಲ್ಲಿ ಮರಗಳು ಹೊಳೆಯುವ ಹಾಗೆ. ಮರ ಹೋದ ವರ್ಷದ್ದೇ.

ನಮ್ಮ ಕುಮಾರವ್ಯಾಸನೂ ರಾಮಾಯಣ ಬರೆಯುವವರು ಜಾಸ್ತಿಯಾದರು, ಆ ಭಾರಕ್ಕೆ ಆದಿಶೇಷ ತಿಣುಕಿದ ಅಂತ ಹೇಳಿದ. ಹೇಳಿ ಏನು ಮಾಡಿದ? ಭಾರತ ಬರೆದ. ಅದನ್ನು 941ರಲ್ಲೇ ಪಂಪ ಬರೆದಾಗಿತ್ತು.

ಗಲ್ಲಾದಿಂದ

ಪುಣೆಯವರು ಬರೆದದ್ದು ಓದುವಾಗ ನಮ್ಮ ಹೋಟೆಲಿನ ಮಾತೇ ನೆನಪಾಯಿತು. ನಾನು ಎರಡನೇ ತಲೆಮಾರು, ಅಪ್ಪ ಶುರು ಮಾಡಿದ ಹೋಟೆಲ್. ಬೆಳಿಗ್ಗೆ ರಶ್ ಹೊತ್ತಿನಲ್ಲಿ ಸಪ್ಲೈಯರ್ ಅಡುಗೆಮನೆ ಕಿಟಕಿಗೆ ಬಂದು ಕೂಗುವುದು ಹೀಗೆ: ‘ಐದು ನಂಬರ್ ಸಿಟ್ಟಾಗಿದೆ, ಮಸಾಲೆ ಬೇಗ ಬಿಡಿ.’ ‘ಎರಡು ನಂಬರ್ ಎದ್ದು ಹೋಯ್ತು.’ ಐದು ನಂಬರ್ ಅಂದರೆ ಟೇಬಲ್. ಸಿಟ್ಟಾದದ್ದು ಅದರ ಹತ್ತಿರ ಕೂತ ಗಿರಾಕಿ. ಇದು ಲಕ್ಷಣೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಭಟ್ಟರು ತವಾ ಮೇಲಿಂದ ಕಣ್ಣೆತ್ತದೆ ಎಲ್ಲ ಅರ್ಥ ಮಾಡಿಕೊಳ್ಳುತ್ತಾರೆ. ಮಾಸ್ತರರು ಹೇಳಿದ ಸಮಯ ಉಳಿಸುವ ಮಾತು ನಮ್ಮಲ್ಲಿ ಅಕ್ಷರಶಃ ನಿಜ.

ಆದರೆ ನನಗೆ ಹೇಳಬೇಕಾದ್ದು ಬೇರೆ ಇದೆ, ಅದು ಬಹಳ ದಿನದಿಂದ ಮನಸ್ಸಿನಲ್ಲಿದೆ. ಹಿಂದಿ ಸಿನಿಮಾದಲ್ಲಿ ಶೆಟ್ಟಿ ಅಂತ ಒಬ್ಬ ಬಂದರೆ ಅವನು ಬಾರ್ ಮಾಲೀಕ, ಇಲ್ಲಾ ಡಾನ್ ಪಕ್ಕದಲ್ಲಿ ನಿಲ್ಲುವವನು. ಕುತ್ತಿಗೆಯಲ್ಲಿ ದಪ್ಪ ಚಿನ್ನದ ಸರ. ‘ಅಣ್ಣ’ ಅನ್ನುವ ಪದವನ್ನಂತೂ ರೌಡಿಯ ಪದವಿ ಮಾಡಿಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅಣ್ಣ ಅಂದರೆ ಅಣ್ಣನೇ. ದಕ್ಷಿಣದವನು ಅಂದರೆ ನಗಿಸುವವನು ಅನ್ನುವುದೂ ಹಳತು. 1968ರ ಪಡೋಸನ್‌ನಲ್ಲಿ ಮೆಹಮೂದ್ ಮಾಡಿದ ಸಂಗೀತದ ಮೇಷ್ಟ್ರು ನೆನಪಿರಬಹುದು. ಆ ನಟ ದೊಡ್ಡವರು, ಆ ಪಾತ್ರಕ್ಕೆ ನಿಜವಾದ ಸಂಗೀತವಾದರೂ ಇತ್ತು. ಆಮೇಲಿನವರು ಸಂಗೀತ ಬಿಟ್ಟು ಬರೀ ‘ಅಯ್ಯಯ್ಯೋ’ ಇಟ್ಟುಕೊಂಡರು.

ಒಮ್ಮೆ ಒಂದು ಶೂಟಿಂಗ್ ತಂಡ ನಮ್ಮ ಹೋಟೆಲಿಗೆ ಬಂತು. ಎರಡು ಗಂಟೆಯ ಕೆಲಸ, ಬಾಡಿಗೆ ಕೊಡುತ್ತೇವೆ ಅಂದರು. ಸರಿ ಅಂದೆ. ಗಲ್ಲಾದ ಮೇಲೆ ನೀವೇ ಕೂತಿರಿ, ನ್ಯಾಚುರಲ್ ಆಗಿ ಬರುತ್ತದೆ ಅಂದರು. ಆಮೇಲೆ ಒಬ್ಬ ಹುಡುಗ ಲುಂಗಿ ಮತ್ತು ವಿಭೂತಿ ತಂದ. ನಾನು ಪ್ಯಾಂಟ್ ಶರ್ಟ್ ಹಾಕುವವನು, ನಮ್ಮಪ್ಪನೂ ಹಣೆಗೆ ಗಂಧ ಇಡುತ್ತಿದ್ದರು, ವಿಭೂತಿ ಅಲ್ಲ. ಇದು ನಮ್ಮದಲ್ಲ ಅಂದೆ. ‘ಸರ್, ಪಬ್ಲಿಕ್‌ಗೆ ಇದೇ ಗೊತ್ತಾಗೋದು’ ಅಂದ. ಹುಡುಗ ಒಳ್ಳೆಯವನೇ, ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ನನ್ನದೇ ಗಲ್ಲಾದ ಮೇಲೆ ನನ್ನ ಬದಲು ಇನ್ಯಾರನ್ನೋ ಕೂರಿಸಬೇಕು ಅಂದ ಹಾಗಾಯಿತು. ನಾನು ಕೂರಲಿಲ್ಲ.

ಮುಲುಂಡ್ ಮಾಸ್ತರ್

ಇದು ಮುಖ್ಯವಾದ ಮಾತು. ನಾನು ಕೇಳಿದ ಪ್ರಶ್ನೆ ಇಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಚಕೋರ ಬೆಳದಿಂಗಳು ಕುಡಿಯುತ್ತದೆ ಅಂದರೆ ಚಕೋರಕ್ಕೆ ನಷ್ಟವಿಲ್ಲ. ಶೆಟ್ಟಿ ಅಂದರೆ ಬಾರ್ ಅಂದಾಗ ಶಾಲೆಯಲ್ಲಿ ಕೂತ ಶೆಟ್ಟರ ಮಗುವಿಗೆ ನಷ್ಟವಿದೆ. ಸನ್ನಿವೇಶದ ಟ್ರೋಪ್ ಬೇರೆ, ಒಂದು ಜನದ ಮೇಲೆ ಅಂಟಿಸಿದ ಟ್ರೋಪ್ ಬೇರೆ. ಎರಡಕ್ಕೂ ಒಂದೇ ಪದ ಬಳಸುತ್ತೇವಲ್ಲ, ಗೊಂದಲ ಅಲ್ಲೇ ಇದೆ.

ವಾಶಿ ಸೆಕ್ಟರ್ ಒಂಬತ್ತು

ನೀವೆಲ್ಲ ಶೆಟ್ಟಿ ಅಣ್ಣನ ಬಗ್ಗೆ ನೊಂದುಕೊಂಡಿದ್ದು ನ್ಯಾಯವೇ. ನಮ್ಮ ಹೆಂಗಸರ ಕಡೆಯೂ ಸ್ವಲ್ಪ ನೋಡಿ.

ಮಾಸ್ತರರೇ, ನಿಮ್ಮ ಮೊದಲ ಉದಾಹರಣೆಯೇ ತಗೊಳ್ಳಿ. ಹೊಲಿಗೆ ಮಿಷನ್ ತುಳಿಯುವ ತಾಯಿ. ಎರಡು ಸೆಕೆಂಡಿನಲ್ಲಿ ಎಲ್ಲ ಗೊತ್ತಾಗುತ್ತದೆ ಅಂದಿರಿ. ಹಾಗೆ ಉಳಿದ ಸಮಯ ಯಾರಿಗೆ ಹೋಯಿತು? ಮಗನಿಗೆ. ಅವಳಿಂದ ಉಳಿಸಿ ಅವನಿಗೆ ಕೊಟ್ಟರು. ನಮ್ಮಮ್ಮ ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಹಪ್ಪಳ ಮಾಡಿ ಮಾರಿ ನಮ್ಮನ್ನು ಓದಿಸಿದರು. ಮಧ್ಯಾಹ್ನ ಟೆರೇಸಿನಲ್ಲಿ ಒಣಹಾಕಿ ಕಾಗೆ ಕಾಯುತ್ತಾ ಕೂರುತ್ತಿದ್ದರು. ಅಳತೆ ಎಷ್ಟು, ಉದ್ದಿನ ಹಿಟ್ಟಿನ ದರ ಎಷ್ಟು, ಯಾವ ಅಂಗಡಿಯವನು ಬಾಕಿ ಕೊಡಬೇಕು, ಎಲ್ಲ ಬಾಯಲ್ಲೇ ಲೆಕ್ಕ. ಬಾಕಿ ವಸೂಲಿಗೆ ಹೋದಾಗ ಅವರ ದನಿಯೇ ಬೇರೆ ಆಗುತ್ತಿತ್ತು. ಜೋರು ಹೆಂಗಸು ಅಂತ ಹೆಸರಿತ್ತು. ಸಿನಿಮಾದ ತಾಯಿ ಕಣ್ಣೀರು ಒರೆಸಿಕೊಳ್ಳುತ್ತಾಳೆ, ಕೆಮ್ಮುತ್ತಾಳೆ, ಆಶೀರ್ವಾದ ಮಾಡುತ್ತಾಳೆ. ಅವಳು ಯಾವತ್ತಾದರೂ ಬಾಕಿ ವಸೂಲಿ ಮಾಡಿದ್ದನ್ನು ನೋಡಿದ್ದೀರಾ?

ನಮ್ಮ ಕನ್ನಡದ್ದೇ ಇನ್ನೊಂದು. ಓದಿದ, ಕಾರು ಓಡಿಸುವ, ಸೊಕ್ಕಿನ ಶ್ರೀಮಂತ ಹುಡುಗಿ. ನಾಯಕ ಅವಳ ಕೆನ್ನೆಗೆ ಹೊಡೆದು, ಸೀರೆ ಉಡಿಸಿ, ದಾರಿಗೆ ತರುತ್ತಾನೆ. ಎಷ್ಟು ಸಿನಿಮಾ! ಜನ ಚಪ್ಪಾಳೆ ಹೊಡೆಯುತ್ತಿದ್ದರು. ಇದನ್ನು ಕವಿಸಮಯ ಅಂತ ಗೌರವದಿಂದ ಕರೆಯಲು ನನಗೆ ಆಗುವುದಿಲ್ಲ.

ಹಾಗಂತ ಎಲ್ಲ ಬೇಡ ಅನ್ನುವುದಿಲ್ಲ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಘಟಶ್ರಾದ್ಧ ಮಾಡಿದರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲೇ ಕಲಿತವರು. ಅನಂತಮೂರ್ತಿಯವರ ಕಥೆ. ಎಳೆ ವಯಸ್ಸಿನ ವಿಧವೆ ಬಸಿರಾಗುವುದು, ಊರು ಅವಳನ್ನು ಹೊರಹಾಕುವುದು. ಇದು ನಮ್ಮ ಸಾಮಾಜಿಕ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬಂದ ವಸ್ತು. ಅವರು ಅದನ್ನು ಪಾಠಶಾಲೆಗೆ ಬಂದ ಒಬ್ಬ ಪುಟ್ಟ ಹುಡುಗನ ಕಣ್ಣಿಂದ ತೋರಿಸಿದರು. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಅವಳ ಮೇಲೆ ಪ್ರೀತಿ ಮಾತ್ರ ಇದೆ. ನಮಗೆ ಎಲ್ಲ ಗೊತ್ತು, ಅವನಿಗೆ ಗೊತ್ತಿಲ್ಲ. ನನಗೆ ಎದೆ ಹಿಂಡಿದ ಹಾಗಾದದ್ದು ಅದರಿಂದ.

ವಾಸ್ಕೋ ಮಂದಿ

ಎಲ್ಲರಿಗೂ ಶರಣ್ರೀ. ನಾವು ವಿಜಯಪುರ ಜಿಲ್ಲೆಯಿಂದ ಗೋವಾಕ್ಕೆ ಬಂದವರು. ಅಪ್ಪ ಗೌಂಡಿ ಕೆಲಸ ಮಾಡಿದವರು, ನಾನು ಇಲ್ಲೇ ಬೈನಾದಲ್ಲಿ ಬೆಳೆದೆ.

ಗೋವಾ ಅಂದರೆ ಸಿನಿಮಾದಲ್ಲಿ ಏನು? ಬೀಚ್, ಬಾಟಲಿ, ಗಿಟಾರ್, ಕುಡಿದು ತೂರಾಡುವ ಒಬ್ಬ ಅಂಕಲ್. ನನ್ನ ಗೋವಾದ ಗೆಳೆಯರಿಗೆ ಇದನ್ನು ಕಂಡರೆ ಗಲ್ಲಾದ ಅಣ್ಣನಷ್ಟೇ ಸಿಟ್ಟು. ಅವರದ್ದೇ ತಿಯಾತ್ರ್ ನಾಟಕ ಇದೆ. ಮೊದಲ ತಿಯಾತ್ರ್ ಆಡಿದ್ದು 1892ರಲ್ಲಿ, ಅದೂ ಮುಂಬೈಯಲ್ಲೇ. ಅಲ್ಲಿಗೆ ದುಡಿಯಲು ಹೋದ ಗೋವಾದವರು ಕಟ್ಟಿದ್ದು. ತಿಯಾತ್ರ್‌ನಲ್ಲೂ ಕುಡುಕ ಬರುತ್ತಾನೆ. ನಾನು ನೋಡಿದ ನಾಟಕಗಳಲ್ಲಿ ಅವನಿಗೆ ಮನೆ ಇರುತ್ತದೆ, ಸಾಲ ಇರುತ್ತದೆ, ಬೈಯುವ ಹೆಂಡತಿ ಇರುತ್ತಾಳೆ. ಜನ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಯಾಕಂದರೆ ಅವನು ಪಕ್ಕದ ಮನೆಯವನು.

ಆದರೆ ಅಕ್ಕಾರೇ, ಅಲ್ಲೂ ಒಂದು ಇದೆ. ಘಟ್ಟದ ಮೇಲಿನಿಂದ ಬಂದ ಕೂಲಿಯವನು ಅಂತ ಒಂದು ಪಾತ್ರ ಬಂದರೆ, ತಪ್ಪು ತಪ್ಪು ಕೊಂಕಣಿ ಮಾತಾಡುತ್ತಾನೆ, ಹೆದರುತ್ತಾನೆ, ನಗಿಸುತ್ತಾನೆ. ಅದು ನಮ್ಮಪ್ಪ. ತಮ್ಮ ಮೇಲೆ ಟ್ರೋಪ್ ಅಂಟಿದಾಗ ನೊಂದುಕೊಂಡವರೇ ಇನ್ನೊಬ್ಬರಿಗೆ ಅಂಟಿಸುತ್ತಾರೆ. ನಮ್ಮ ಕನ್ನಡ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಬಂದರೂ ಹೆಚ್ಚಾಗಿ ನಗಿಸಲೇ ಬರುತ್ತದೆ ಅಲ್ವಾ? ಅದನ್ನು ಯಾರೂ ಇಲ್ಲಿ ಹೇಳಲಿಲ್ಲ, ಅದಕ್ಕೆ ಹೇಳಿದೆ.

ಪಣಜಿಯಲ್ಲಿ 2004ರಿಂದ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ. ಊರೂರಿನ ಕಥೆ ಬರುತ್ತದೆ. ಇಲ್ಲಿ ಮನೆ ಕಟ್ಟಿದವರ, ಬಂದರಿನಲ್ಲಿ ಹೊರೆ ಹೊತ್ತವರ ಕಥೆ ನನ್ನ ಕಣ್ಣಿಗೆ ಬಿದ್ದಿಲ್ಲ. ಟ್ರೋಪ್ ಇದ್ದರೆ ಬೇಜಾರು. ಟ್ರೋಪಿನಲ್ಲೂ ಜಾಗ ಇಲ್ಲದಿದ್ದರೆ ಇನ್ನೂ ಬೇಜಾರು.

ಕಿಂಗ್ಸ್ ಸರ್ಕಲ್

ವಾಸ್ಕೋ ತಮ್ಮಾ, ಸತ್ಯ ಹೇಳಿದೆ. ಧಾರವಾಡ ಮಾತಿನಲ್ಲಿ ಬೇಂದ್ರೆ ಹಾಡಿದರು, ಅದೇ ಮಾತನ್ನು ಸಿನಿಮಾದವರು ಬರೀ ಹಾಸ್ಯಕ್ಕೆ ಇಟ್ಟುಕೊಂಡರು. ಬೇಸರದ ಸಂಗತಿ.

ಚೆಂಡೆ ಮದ್ದಳೆ

ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ, ಭಾಂಡುಪ್. ಇಷ್ಟು ಹೊತ್ತು ಓದುತ್ತಾ ಇದ್ದೆ. ಘಾಟ್‌ಕೋಪರ್ ತಮ್ಮನ ಮೊದಲ ಪ್ರಶ್ನೆ, ಗೊತ್ತಿರುವ ಕಥೆ ಯಾಕೆ ನೋಡಬೇಕು ಅನ್ನುವುದು, ಅದಕ್ಕೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ ಅನ್ನಿಸಿತು.

ಯಕ್ಷಗಾನದ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಬಣ್ಣದ ವೇಷ ನೋಡಿ. ರಾಕ್ಷಸನಿಗೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಕ್ಕಿ ಚುಕ್ಕಿಯಾಗಿ ಚಿಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಕೆಲಸ. ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಹಿಡಿದು ಬರುತ್ತಾನೆ, ರಾಳ ಎರಚಿದಾಗ ಬೆಂಕಿ ಮೇಲೇಳುತ್ತದೆ, ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಇದರಲ್ಲಿ ಯಾವುದೂ ಹೊಸದಲ್ಲ. ಹಾಗೇ ಬರಬೇಕು. ಬರದಿದ್ದರೆ ಜನ ಸುಮ್ನೆ ಬಿಡುವುದಿಲ್ಲ.

ಈಗ ತಾಳಮದ್ದಳೆಗೆ ಬನ್ನಿ. ಮಳೆಗಾಲದಲ್ಲಿ ಊರಲ್ಲಿ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆಗ ಇಲ್ಲಿನ ಹಾಲ್‌ಗಳಲ್ಲಿ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲು ಹಾಕಿ ಕೂತು ಅರ್ಥ ಹೇಳುವುದು. ಹಾಡು ಬರೆದಿಟ್ಟದ್ದು, ಅರ್ಥ ಬರೆದಿಟ್ಟದ್ದಲ್ಲ. ಅವತ್ತಿನ ಮಾತು ಅವತ್ತೇ ಹುಟ್ಟಬೇಕು. ಕರ್ಣ ಸಾಯುತ್ತಾನೆ ಅಂತ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕೂತ ಎಲ್ಲರಿಗೂ ಗೊತ್ತು. ಕೃಷ್ಣ ‘ನೀನು ಕುಂತಿಯ ಮಗ’ ಅಂದಾಗ ಇವತ್ತಿನ ಕರ್ಣ ಏನು ಉತ್ತರ ಕೊಡುತ್ತಾನೆ ಅಂತ ಕೇಳಲು ಬಂದಿರುತ್ತಾರೆ. ಒಬ್ಬ ಅರ್ಥಧಾರಿಯ ಕರ್ಣ ಸಿಟ್ಟಾಗುತ್ತಾನೆ. ಇನ್ನೊಬ್ಬರ ಕರ್ಣ ‘ಇದನ್ನು ಮೊದಲೇ ಯಾಕೆ ಹೇಳಲಿಲ್ಲ’ ಅಂತ ಕೃಷ್ಣನನ್ನೇ ಕಟಕಟೆಗೆ ತರುತ್ತಾನೆ. ಕರ್ಣನ ಅರ್ಥ ಹೇಳುತ್ತಿದ್ದ ಒಬ್ಬ ಹಿರಿಯರು, ನಾನು ಕೇಳಿದಾಗ, ಕೃಷ್ಣನ ಆ ಮಾತಿಗೆ ಬಹಳ ಹೊತ್ತು ಉತ್ತರವನ್ನೇ ಕೊಡಲಿಲ್ಲ. ಎದುರು ಕೂತ ಕೃಷ್ಣನೂ ಕಾದರು. ಭಾಗವತರು ತಾಳ ಮುಟ್ಟಲಿಲ್ಲ. ಆಮೇಲೆ ಸಾಕುತಾಯಿ ರಾಧೆಯ ಹೆಸರೆತ್ತಿ ಮಾತು ಶುರು ಮಾಡಿದರು, ಕುಂತಿಯದ್ದಲ್ಲ.

ಮುಂದೇನು ಅನ್ನುವ ಚಿಂತೆ ಇಲ್ಲದ ಕಿವಿಗೆ ಮಾತ್ರ ಅಷ್ಟು ಸಣ್ಣ ಸಂಗತಿ ಕೇಳಿಸುತ್ತದೆ. ಮಾಸ್ತರರು ಹೇಳಿದ ಉಳಿದ ಸಮಯ ಹೋಗಬೇಕಾದ್ದು ಇಲ್ಲಿಗೆ.

ಕೋಥರೂಡ್ ಕನ್ನಡಿಗ

ಇದಕ್ಕೆ ಸೇರಿಸುವುದು ಇಷ್ಟೇ. ನಮ್ಮ ಮುಂಬೈ ಬಗ್ಗೆಯೇ ಕನ್ನಡದಲ್ಲಿ ಒಂದು ಟ್ರೋಪ್ ಇದೆ. ಬೊಂಬಾಯಿಗೆ ಓಡಿಹೋದ ಹುಡುಗ, ಹಲವು ವರ್ಷದ ಮೇಲೆ ಸೆಂಟು ಹಾಕಿಕೊಂಡು, ಸೂಟ್‌ಕೇಸ್ ಹಿಡಿದು ಊರಿಗೆ ಬರುವ ಮಾವ. 1979ರ ಯಶವಂತ ಚಿತ್ತಾಲರ ಶಿಕಾರಿಯ ನಾಗಪ್ಪ ಆ ಮಾವ ಅಲ್ಲ. ಅವನು ಒಂದು ಕಂಪನಿಯ ಅಧಿಕಾರಿ, ಭಯ, ಅನುಮಾನಗಳ ಬಲೆಯಲ್ಲಿ ಸಿಕ್ಕವನು. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬೈಯ ಉದ್ಯಮದಲ್ಲೇ ಕೆಲಸ ಮಾಡಿದವರು, ಹತ್ತಿರದಿಂದ ನೋಡಿ ಬರೆದರು. ಊರಿನ ಕಣ್ಣಿಗೆ ಕಾಣುವ ಸೂಟ್‌ಕೇಸಿನ ಒಳಗೆ ಏನಿದೆ ಅಂತ ತೆರೆದು ತೋರಿಸಿದ ಕಾದಂಬರಿ ಅದು.

ಘಾಟ್‌ಕೋಪರ್ ಪೂರ್ವ

ಎಲ್ಲ ಓದಿದೆ. ತಾಳಮದ್ದಳೆಯ ಮಾತು ನನಗೆ ಬಹಳ ಹಿಡಿಸಿತು. ನಾನು ಹೇಳಿದ್ದರಲ್ಲಿ ಒಂದನ್ನು ಮಾತ್ರ ಬಿಡುವುದಿಲ್ಲ. ಅರ್ಥಧಾರಿಗಳು ಅಷ್ಟು ತಯಾರಿ ಮಾಡುತ್ತಾರೆ. ಸಿನಿಮಾದಲ್ಲಿ ಹಳೇ ಕಥೆ ತಗೊಂಡವರು ಅಷ್ಟು ತಯಾರಿ ಮಾಡುವುದು ಕಡಿಮೆ. ಮಾಡಿದರೆ ನಾನೂ ಕೂತು ನೋಡುತ್ತೇನೆ.

ಇನ್ನೊಂದು ವಿಷಯ. ನಾವು ನಾಲ್ಕು ಗೆಳೆಯರು ಸೇರಿ ಒಂದು ಕಿರುಚಿತ್ರ ಬರೆಯುತ್ತಿದ್ದೇವೆ. ಉಡುಪಿ ಹೋಟೆಲ್, ಊರಿಂದ ಹೊಸದಾಗಿ ಬಂದ ಹುಡುಗ, ಗಲ್ಲಾದ ಮೇಲೆ ಮಾಲೀಕರು. ಗೋಡೆಯ ಮೇಲೆ ಕೃಷ್ಣನ ಫೋಟೋ, ಊದಿನಕಡ್ಡಿ, ಮುಂದೆ ಗಂಟೆ. ಹೊಸದಾಗಿರಲಿ ಅಂತ ಇದನ್ನೆಲ್ಲ ತೆಗೆದುಹಾಕಬೇಕಾ?

ಚೆಂಡೆ ಮದ್ದಳೆ

ತೆಗೆಯಬೇಡ. ಫೋಟೋ ಇರಲಿ, ಊದಿನಕಡ್ಡಿ ಇರಲಿ. ಹೋಟೆಲ್ ಅಂತ ಜನಕ್ಕೆ ಗೊತ್ತಾಗಲು ಹತ್ತು ಸೆಕೆಂಡ್ ಸಾಕು. ಆಮೇಲಿನ ಹತ್ತು ನಿಮಿಷ ನಿನ್ನದು.

ವಾಶಿ ಸೆಕ್ಟರ್ ಒಂಬತ್ತು

ಮತ್ತೆ ಮಾಲೀಕರ ಹೆಂಡತಿ ಒಳಗೆ ಇದ್ದರೆ ಅವರಿಗೂ ಒಂದು ಕೆಲಸ ಕೊಡಪ್ಪ. ಸುಮ್ನೆ ಊಟದ ಡಬ್ಬಿ ತಂದು ಕೊಟ್ಟು ಹೋಗುವುದು ಬೇಡ.

ಗಲ್ಲಾದಿಂದ

ತಮ್ಮಾ, ನಮ್ಮಪ್ಪನ ಕಾಲದ ಒಂದು ಸಂಗತಿ ಹೇಳುತ್ತೇನೆ, ಉಪಯೋಗಕ್ಕೆ ಬಂದರೆ ತಗೋ. ಹುಡುಗರು ಸಂಬಳ ಕೈಗೆ ತಗೊಳ್ಳುತ್ತಿರಲಿಲ್ಲ. ಮಲಗುವುದು ಹೋಟೆಲಿನ ಬೆಂಚಿನ ಮೇಲೆ, ದುಡ್ಡು ಇಡುವುದೆಲ್ಲಿ? ಅಪ್ಪನ ಹತ್ತಿರವೇ ಬಿಡುತ್ತಿದ್ದರು. ಉದ್ದನೆಯ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಸಂಬಳ, ಅಡ್ವಾನ್ಸ್, ಊರಿಗೆ ಕಳಿಸಿದ್ದು, ಬಾಕಿ. ರಾತ್ರಿ ಶಾಲೆಗೆ ಹೋಗುವ ಹುಡುಗರ ಪುಟದಲ್ಲಿ ಫೀಸು, ಪುಸ್ತಕದ ಖರ್ಚು ಬೇರೆ. ಊರಿಗೆ ಹೋಗುವ ದಿನ ಲೆಕ್ಕ ಮಾಡಿ ಕೊಡುವುದು. ಲೆಕ್ಕದ ವಿಷಯದಲ್ಲಿ ಜಗಳವೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕೂಡಿಸಿ ಕಳೆಯುವುದು ನಮ್ಮಮ್ಮ. ಅಪ್ಪನಿಗಿಂತ ಅಮ್ಮನ ಲೆಕ್ಕದ ಮೇಲೆ ಹುಡುಗರಿಗೆ ನಂಬಿಕೆ ಜಾಸ್ತಿ. ವಾಶಿಯ ಅಕ್ಕ ಕೇಳಿದ ಕೆಲಸ ಅಲ್ಲೇ ಇದೆ.

ಘಾಟ್‌ಕೋಪರ್ ಪೂರ್ವ

ಅಣ್ಣ, ಆ ಪುಸ್ತಕ ಈಗಲೂ ಇದೆಯಾ? ಅಕ್ಷರ ಕನ್ನಡದ್ದಾ? ನಾವು ಬಂದು ನೋಡಬಹುದಾ?

ಗಲ್ಲಾದಿಂದ

ಇದೆ. ಹೆಸರು ಕನ್ನಡದಲ್ಲಿ, ಅಂಕಿ ಇಂಗ್ಲಿಷಿನಲ್ಲಿ. ಕೆಲವು ಪುಟದಲ್ಲಿ ಹುಡುಗರ ಹೆಬ್ಬೆಟ್ಟು ಇದೆ, ಮುಂದಿನ ವರ್ಷದ ಪುಟದಲ್ಲಿ ಅದೇ ಹುಡುಗ ಸಹಿ ಹಾಕಿದ್ದಾನೆ. ಮಧ್ಯಾಹ್ನ ಮೂರು ಗಂಟೆ ಮೇಲೆ ಬನ್ನಿ, ಆಗ ರಶ್ ಇರುವುದಿಲ್ಲ. ಫೋಟೋ ತೆಗೆಯುವುದಾದರೆ ಹೆಸರು ಕಾಣದ ಹಾಗೆ ತೆಗೆಯಬೇಕು. ಅವರಲ್ಲಿ ಕೆಲವರು ಈಗ ಮೊಮ್ಮಕ್ಕಳ ಜೊತೆ ತಿಂಡಿಗೆ ಇಲ್ಲಿಗೇ ಬರುತ್ತಾರೆ, ಅವರನ್ನು ಮೊದಲು ಕೇಳೋಣ.